ಕಿವಿಯಕ್ಕ ನಿದ್ದೆ ಕಲಿತದ್ದು

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಗಾದೆ ಕಟ್ಟಿದವರು ಕಟ್ಟಿ ಹೋದರು, ಅವರಿಗೇನು. ಚಿಂತೆ ಇದ್ದವಳು ಎಲ್ಲಿ ಮಲಗಬೇಕು ಎಂಬುದನ್ನು ಹೇಳಿ ಹೋಗಲಿಲ್ಲ. ಏಳು ತಿಂಗಳ ಬಸುರಿ ಕಿವಿಯಕ್ಕನಿಗೆ ಆ ವಾರ ಈ ಗಾದೆ ಹೇಳದವರೇ ಇಲ್ಲ. ಪಕ್ಕದ ಮನೆಯವಳು ಹೇಳಿದಳು, ಹಾಲಿನವನು ಹೇಳಿದ, ಮೆಟ್ಟಿಲಲ್ಲಿ ಎದುರಾದ ಮನೆ ಮಾಲೀಕನೂ ಬಿಡಲಿಲ್ಲ. ಎಲ್ಲರಿಗೂ ಅವಳು ತಲೆಯಾಡಿಸಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹಲ್ಲು ಕಡಿದಳು.

ಕಿವಿಯಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಮಿಲ್ಲಿನವರು ಇಟ್ಟದ್ದು. ನೇಯ್ಗೆ ಶೆಡ್ಡಿನಲ್ಲಿ ಆರು ಮಗ್ಗ ಅವಳ ಪಾಲಿಗೆ. ಪಕ್ಕದಲ್ಲಿ ನಿಂತವರು ಗಂಟಲು ಹರಿದುಕೊಂಡರೂ ಕೇಳಿಸದ ಆ ಗದ್ದಲದಲ್ಲಿ, ಆರರಲ್ಲಿ ಒಂದರ ಎಳೆ ಹರಿದು ಮಗ್ಗ ನಿಂತರೆ, ಬೆನ್ನು ತಿರುಗಿಸಿ ನಿಂತಿದ್ದವಳೂ ಸರಕ್ಕನೆ ಅಲ್ಲಿ ಹಾಜರು. ಕಣ್ಣಿಂದ ನೋಡಿ ಅಲ್ಲ. ಗದ್ದಲದಲ್ಲಿ ಒಂದು ತೂತು ಬಿದ್ದದ್ದು ಅವಳಿಗೆ ಕೇಳಿಸುತ್ತಿತ್ತು. ಅವಳಿಗೆ ಮೈಯೆಲ್ಲಾ ಕಿವಿ ಎಂದು ಮೇಸ್ತ್ರಿ ಒಮ್ಮೆ ಅಂದ, ಅಂದಿನಿಂದ ಅದೇ ಹೆಸರಾಯಿತು. ಮನೆಯಲ್ಲೂ ಹಾಗೇ ಕರೆದರು. ಮನೆಯಲ್ಲಿ ಇನ್ನಿಬ್ಬರೇ: ಸಲೂನ್ ಇಟ್ಟಿದ್ದ ಗಂಡ, ಅದೇ ಮಿಲ್ಲಿನಲ್ಲಿ ಅದೇ ಮಗ್ಗಗಳ ಮುಂದೆ ದುಡಿದು ನಿವೃತ್ತಳಾದ ಅತ್ತೆ. ಅತ್ತೆಯ ಕಿವಿಯನ್ನು ಮಗ್ಗಗಳು ಅರ್ಧ ತಿಂದಿದ್ದವು. ಹಾಗಾಗಿ ಮಾತೆಲ್ಲ ಬೀದಿಗೆ ಕೇಳುವಂತೆಯೇ.

ಈಗ ವಿಷಯಕ್ಕೆ ಬರೋಣ. ಆಸ್ಪತ್ರೆಯ ಡಾಕ್ಟರಮ್ಮ ಕಿವಿಯಕ್ಕನ ತೋಳಿನಿಂದ ಬಿಪಿ ಪಟ್ಟಿ ಬಿಚ್ಚುತ್ತಾ ಮುಖ ಗಂಟು ಹಾಕಿಕೊಂಡರು.

"ಏರ್ತಾನೇ ಇದೆ. ಮಾತ್ರೆ ಕೊಟ್ಟಾಯ್ತು, ಕೆಲಸಕ್ಕೆ ರಜ ಹಾಕಿಸಿದ್ದಾಯ್ತು. ರಾತ್ರಿ ನಿದ್ದೆ ಮಾಡ್ತೀರಾ?"

"ಮಾಡ್ತೀನಿ."

"ಎಲ್ಲಿ ಮಾಡ್ತಾಳೆ ಡಾಕ್ಟ್ರೇ," ಎಂದು ಅತ್ತೆ ಹೊರಗಿನ ಸಾಲಿಗೂ ಕೇಳುವಂತೆ ಹೇಳಿದಳು. "ಹಾಸಿಗೆ ಮೇಲೆ ಗೂಬೆ ಥರ ಕೂತಿರ್ತಾಳೆ. ನಾನು ನೀರು ಕುಡಿಯೋಕೆ ಎದ್ದಾಗೆಲ್ಲ ಆ ಎರಡು ಕಣ್ಣು ನೋಡಿ ನನಗೇ ಹೆದರಿಕೆ ಆಗುತ್ತೆ."

ಡಾಕ್ಟರಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ನೋಡಿ, ನಿದ್ದೆ ಮಾತ್ರೆ ಕೊಡೋಕೆ ನನಗೆ ಇಷ್ಟ ಇಲ್ಲ. ನಮ್ಮ ಸಿಸ್ಟರ್ ಮೈ ಮನಸ್ಸು ಸಡಿಲ ಬಿಡೋದು ಹೇಳಿಕೊಡ್ತಾರೆ, ಆ ಕ್ಲಾಸಿಗೆ ಹೋಗಿ. ಮುಂದಿನ ವಾರ ಮತ್ತೆ ಬಿಪಿ ನೋಡ್ತೀನಿ. ಇಳೀದಿದ್ರೆ ಹೆರಿಗೆ ಆಗೋವರೆಗೂ ಇಲ್ಲೇ ಮಂಚ ಹಿಡೀಬೇಕಾಗುತ್ತೆ. ಇದು ಹೀಗೇ ಏರಿದ್ರೆ ಮಗುಗೂ ಒಳ್ಳೇದಲ್ಲ."

ಮಂಚಕ್ಕೆ ಅವಳು ಹೆದರುವವಳಲ್ಲ. ಮಗುವಿಗೂ ಒಳ್ಳೆಯದಲ್ಲ ಎಂದದ್ದು ಮಾತ್ರ ಎದೆಗೆ ನಾಟಿತು. ಏಕೆಂದರೆ ಅವಳು ನಿದ್ದೆಗೆಡುತ್ತಿದ್ದದ್ದೇ ಮಗುವಿಗಾಗಿ.

ಇದನ್ನು ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ಎರಡು ವರ್ಷದ ಹಿಂದೆಯೂ ಅವಳು ಬಸುರಿಯಾಗಿದ್ದಳು, ಹೀಗೇ ಏಳು ತಿಂಗಳು. ಒಂದು ದಿನ ಮಿಲ್ಲಿನಿಂದ ಬಂದವಳು ಉಂಡು ಮಲಗಿದಳು. ಎಂಥ ನಿದ್ದೆ ಎಂದರೆ, ಮನೆ ಹೊತ್ತುಕೊಂಡು ಹೋದರೂ ಗೊತ್ತಾಗದ ನಿದ್ದೆ. ಬೆಳಿಗ್ಗೆ ಎದ್ದಾಗ ಹೊಟ್ಟೆ ಸುಮ್ಮನಿತ್ತು. ಆಮೇಲೆ ಅದು ಅಲುಗಲೇ ಇಲ್ಲ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತದಿರುವುದೇ ಒಳ್ಳೆಯತನ ಎಂದು ಎಲ್ಲರೂ ತಿಳಿದರು. ಯಾರೂ ಮಾತಾಡದಿದ್ದಾಗ ತಲೆ ತನ್ನಷ್ಟಕ್ಕೆ ತಾನು ಮಾತಾಡುತ್ತದೆ. ಅವಳ ತಲೆ ಒಂದೇ ಮಾತು ಹೇಳಿತು: ಆರು ಮಗ್ಗದಲ್ಲಿ ಒಂದು ಎಳೆ ಹರಿದರೆ ಕೇಳಿಸಿಕೊಳ್ಳುವವಳು ನೀನು, ನಿನ್ನ ಹೊಟ್ಟೆಯಲ್ಲೇ ನಿಂತಾಗ ಮಲಗಿದ್ದೆ. ಈ ಸಲ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತದ್ದು ಅದಕ್ಕೇ. ಈಗ ನೋಡಿದರೆ ಆ ಕಾವಲೇ ಮಗುವಿಗೆ ಕೇಡು ಎಂದು ಡಾಕ್ಟರಮ್ಮ ಹೇಳುತ್ತಿದ್ದಾರೆ.

ಸರಿ, ನಿದ್ದೆ ಮಾಡುವುದು ಕೆಲಸವೇ ಆದರೆ ಅದನ್ನೂ ಕಲಿತೇ ತೀರುತ್ತೇನೆ ಎಂದು ಅವಳು ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಹಟ ತೊಟ್ಟಳು.

"ನಿದ್ದೆ ಕಲಿಯೋಕೆ ಕ್ಲಾಸು," ಎಂದಳು ಅತ್ತೆ. "ಇನ್ನು ಉಸಿರಾಡೋಕೆ ಯಾವಾಗ ಸೇರಿಸ್ತಾರೋ."

ಸೇರಿಸಿಯೇ ಇದ್ದರು. ಕ್ಲಾಸಿನಲ್ಲಿ ಮೊದಲ ಪಾಠವೇ ಉಸಿರಾಡುವುದು. ಆಸ್ಪತ್ರೆಯ ಹಿಂಬದಿಯ ಉದ್ದನೆಯ ಕೋಣೆ, ನೆಲದ ಮೇಲೆ ಚಾಪೆಗಳು, ಎಡಮಗ್ಗುಲಾಗಿ ಮಲಗಿದ ಬಸುರಿಯರು, ಒಬ್ಬೊಬ್ಬರ ಮೊಣಕಾಲ ನಡುವೆ ಒಂದೊಂದು ದಿಂಬು. ಸಿಸ್ಟರ್ ದಪ್ಪನೆಯ ಹೆಂಗಸು, ಕಂಠ ಮಾತ್ರ ಮೆತ್ತಗೆ. "ಇದಕ್ಕೆ ಸ್ವಸಮ್ಮೋಹನ ಅಂತ ದೊಡ್ಡ ಹೆಸರಿದೆ. ಹೆಸರು ಕೇಳಿ ಹೆದರ್ಬೇಡಿ," ಎಂದರು. "ಮಾಟ ಅಲ್ಲ, ವಶೀಕರಣ ಅಲ್ಲ. ನಿಮ್ಮನ್ನ ಯಾರೂ ಮರುಳು ಮಾಡಲ್ಲ. ಮೈಗೆ ನೀವೇ ಮೆಲ್ಲಗೆ ಹೇಳೋದು, ಅದು ಕೇಳೋವರೆಗೂ ಹೇಳೋದು. ಅಷ್ಟೇ."

ಕಾಲ್ಬೆರಳನ್ನು ಬಿಗಿ ಹಿಡಿದು ಬಿಡಿ ಎಂದರು. ಮೀನಖಂಡ ಬಿಗಿ ಹಿಡಿದು ಬಿಡಿ. ಉಸಿರು ಒಳಗೆ ಎಳೆದದ್ದಕ್ಕಿಂತ ಉದ್ದಕ್ಕೆ ಹೊರಗೆ ಬಿಡಿ. ಕಿವಿಯಕ್ಕ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು. ಮೈ ನಿಜಕ್ಕೂ ಭಾರವಾಗುತ್ತಾ ಬಂತು. ಆಗ ಸಿಸ್ಟರ್ ಹೇಳಿದರು: "ಈಗ ಒಂದು ಕೆರೆಯ ದಂಡೆ ನೆನೆಸಿಕೊಳ್ಳಿ. ಗಾಳಿಯಿಲ್ಲ. ಅಲೆಯಿಲ್ಲ. ಒಂದು ಹಕ್ಕಿಯ ಸದ್ದೂ ಇಲ್ಲ. ಎಲ್ಲಾ ನಿಂತುಹೋಗಿದೆ. ಎಲ್ಲಾ ಶಾಂತ..."

ಕಿವಿಯಕ್ಕ ಧಡಕ್ಕನೆ ಎದ್ದು ಕೂತಳು. ಕೂತದ್ದಷ್ಟೇ ಅಲ್ಲ, ಬಲಗೈ ಚಾಚಿ ಪಕ್ಕದ ಚಾಪೆಯ ಬಸ್ ಕಂಡಕ್ಟರಮ್ಮನ ತೋಳನ್ನು ಗಪ್ಪನೆ ಹಿಡಿದಿದ್ದಳು, ಅದು ಮಗ್ಗದ ಹಿಡಿಯೋ ಎಂಬಂತೆ. ಆಗಷ್ಟೇ ಗೊರಕೆ ಶುರು ಮಾಡಿದ್ದ ಕಂಡಕ್ಟರಮ್ಮ ಕಣ್ಣು ಬಿಡದೆಯೇ "ಮುಂದೆ ಹೋಗಿ, ಮುಂದೆ ಹೋಗಿ" ಎಂದಳು. ಕೋಣೆಯೆಲ್ಲ ನಗು. ಕಿವಿಯಕ್ಕನಿಗೆ ನಗು ಬರಲಿಲ್ಲ.

ಕ್ಲಾಸು ಮುಗಿದ ಮೇಲೆ ಸಿಸ್ಟರ್ ಅವಳನ್ನು ಕೂರಿಸಿಕೊಂಡರು. "ಏನಾಯ್ತಮ್ಮಾ?"

"ಎಲ್ಲಾ ನಿಂತುಹೋಯ್ತು ಅಂದ್ರಲ್ಲ ಸಿಸ್ಟರ್. ಮಿಲ್ಲಲ್ಲಿ ಸದ್ದು ನಿಂತ್ರೆ ಏನೋ ಹರೀತು ಅಂತ ಅರ್ಥ. ಸದ್ದಿದ್ರೆ ಎಲ್ಲಾ ಸರಿಯಾಗಿದೆ ಅಂತ. ನನ್ನ ಮೈಗೆ ಅಷ್ಟೇ ಗೊತ್ತಿರೋದು."

ಬೇರೆಯವರಾಗಿದ್ದರೆ ನಕ್ಕು ಕಳಿಸುತ್ತಿದ್ದರೋ ಏನೋ. ಸಿಸ್ಟರ್ ನಗಲಿಲ್ಲ. "ಹಾಗಾದ್ರೆ ನನ್ನ ಕೆರೆ ನಿಮಗೆ ಬೇಡ ಬಿಡಿ. ಕೆರೆ ದಂಡೆ ಸೇರೋರು ಸೇರಲಿ. ನೀವು ಇದುವರೆಗೆ ಅತಿ ಸುಖವಾಗಿ ಮಲಗಿದ್ದು ಎಲ್ಲಿ?"

ಕಿವಿಯಕ್ಕ ಯೋಚಿಸಲೇ ಇಲ್ಲ. "ಶೆಡ್ಡಿನ ಪಕ್ಕ ಊಟದ ಕೋಣೆ ಇದೆ. ಅಲ್ಲಿ ಬೆಂಚಿನ ಮೇಲೆ. ಆ ಕಡೆ ಮಗ್ಗಗಳೆಲ್ಲಾ ಓಡ್ತಿರ್ತಾವೆ, ಗೋಡೆ ನಡುಗ್ತಾ ಇರುತ್ತೆ. ತಲೆ ಇಟ್ರೆ ಸಾಕು."

"ಅಲ್ಲಿಗೇ ಹೋಗಿ ಮತ್ತೆ. ಕಾಲಿಂದ ಅಲ್ಲ, ಕಣ್ಣು ಮುಚ್ಚಿ. ಒಂದೊಂದೇ ಮಗ್ಗ ಶುರು ಮಾಡಿ. ಮಾಡ್ತಾ ಮಾಡ್ತಾ ಒಂದೊಂದೇ ಅಂಗ ಸಡಿಲ ಬಿಡಿ. ಹಗಲಲ್ಲೇ ಅಭ್ಯಾಸ ಮಾಡಿ, ರಾತ್ರಿಗೆ ತಾನಾಗಿ ಬರುತ್ತೆ. ಬರಲಿಲ್ಲ ಅಂತ ಮೈ ಮೇಲೆ ಸಿಟ್ಟು ಮಾಡ್ಕೋಬೇಡಿ. ಗದರಿಸಿದ್ರೆ ನಿದ್ದೆ ಹತ್ತಿರ ಸುಳಿಯಲ್ಲ."

ಮನೆಯಲ್ಲಿ ಈ ಸುದ್ದಿ ಕೇಳಿ ಗಂಡನಿಗೆ ಉತ್ಸಾಹ ಉಕ್ಕಿತು. ಪಾಪ, ಅವನಿಗೂ ಒಂದು ಅವಮಾನವಿತ್ತು. ಅವನ ಸಲೂನಿನ ಕುರ್ಚಿಯಲ್ಲಿ ಕೂತವರೆಲ್ಲ ಅವನು ತಲೆಗೆ ಕೈ ಹಚ್ಚಿದ ಕೂಡಲೇ ತೂಕಡಿಸುತ್ತಿದ್ದರು. ಊರಿಗೆಲ್ಲ ನಿದ್ದೆ ಹಂಚುವವನ ಹೆಂಡತಿಗೇ ನಿದ್ದೆಯಿಲ್ಲ, ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಗಿರಾಕಿಗಳು ಛೇಡಿಸುತ್ತಿದ್ದರು. ಅವನು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದವನೇ ಮಂಚದ ಸುತ್ತ ಮೇಜಿನ ಫ್ಯಾನು, ಮಿಕ್ಸಿ, ಕೂದಲು ಒಣಗಿಸುವ ಯಂತ್ರ ಎಲ್ಲವನ್ನೂ ಸಾಲಾಗಿಟ್ಟು ಒಟ್ಟಿಗೆ ಚಾಲೂ ಮಾಡಿದ. "ಮಲಕ್ಕೋ. ಮಿಲ್ಲನ್ನೇ ಮನೆಗೆ ತಂದಿದೀನಿ," ಎಂದು ಕೂಗಿದ.

ಕಿವಿಯಕ್ಕ ಕಣ್ಣು ಮುಚ್ಚಿದಳು. ಒಂದು ನಿಮಿಷವಾಗಿರಲಿಲ್ಲ, ಕಣ್ಣು ಬಿಟ್ಟಳು. "ರೀ, ಫ್ಯಾನಿನ ಹಿಂದೆ ಒಂದು ಸ್ಕ್ರೂ ಸಡಿಲ ಆಗಿದೆ. ಮಿಕ್ಸಿ ಬ್ಲೇಡ್ ಒಂದು ಕಡೆ ಸವೆದಿದೆ. ಆ ಒಣಗಿಸೋದು ಇನ್ನೊಂದು ವಾರ ಬಂದ್ರೆ ಹೆಚ್ಚು."

ಒಣಗಿಸುವ ಯಂತ್ರ ವಾರದವರೆಗೂ ಕಾಯಲಿಲ್ಲ, ಅಲ್ಲೇ ಹೊಗೆ ಬಿಟ್ಟಿತು. ಮನೆ ಮಾಲೀಕ ಮೇಲಿಂದ ಇಳಿದು ಬಂದು ಬಾಗಿಲು ಬಡಿದ. ಅಲ್ಲಿಗೆ ಗಂಡನ ಮಿಲ್ಲು ಮುಚ್ಚಿತು.

ಆದರೆ ಅವಳು ಬಿಡಲಿಲ್ಲ. ನೇಯ್ಗೆಗೆ ಸೇರಿದ ಹೊಸದರಲ್ಲಿ ಹರಿದ ಎಳೆಗೆ ಗಂಟು ಹಾಕುವುದನ್ನು ಕಲಿಯಲು ಅವಳು ಬೆರಳು ಸುಲಿದುಕೊಂಡಿದ್ದಳು. ಮನೆಗೆ ಬಂದ ಮೇಲೂ ಸೀರೆಯ ದಾರ ಕಿತ್ತು ಗಂಟು ಹಾಕುತ್ತ ಕೂರುತ್ತಿದ್ದವಳು. ಅದೇ ಹಟ ಈಗಲೂ ಬಂತು. ಬೆಳಿಗ್ಗೆ ತಿಂಡಿಯಾದ ಮೇಲೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ದೀಪ ಹಾಕುವ ಮುಂಚೆ ಒಮ್ಮೆ, ಎಡಮಗ್ಗುಲಾಗಿ ಮಲಗಿ ಕಣ್ಣು ಮುಚ್ಚುತ್ತಿದ್ದಳು. ಮೊದಲನೆಯ ಮಗ್ಗದ ಹಿಡಿ ಎಳೆದಳು, ಲಾಳಿ ಓಡಿತು, ಪಾದಗಳು ಸಡಿಲವಾದವು. ಎರಡನೆಯದು, ತೊಡೆ. ಮೂರನೆಯದು, ಬೆನ್ನು. ಒಂದಕ್ಕೊಂದು ಸೇರಿ ಸದ್ದು ದಪ್ಪವಾಗುತ್ತಿತ್ತು, ಮೈ ಬೆಂಚಿನ ಮರಕ್ಕೆ ಅಂಟಿಕೊಂಡಂತೆ ಭಾರವಾಗುತ್ತಿತ್ತು. ತುಟಿಯಲ್ಲಿ ಒಂದೇ ಮಾತು: "ಎಲ್ಲಾ ಓಡ್ತಾ ಇದೆ, ನಾನು ಮಲಗಬಹುದು." ಮೈ ಕೇಳತೊಡಗಿತು. ಎರಡು ದಿನ ಕೇಳಲಿಲ್ಲ, ಮೂರನೆಯ ದಿನ ಕೇಳಿತು. ತನ್ನ ಮಾತು ಕೇಳುವ ಒಂದು ಮೈ ತನಗಿದೆ ಎಂಬುದೇ ಅವಳಿಗೆ ಎಷ್ಟೋ ಸಮಾಧಾನ ತಂದಿತು.

ನಾಲ್ಕನೆಯ ಮಗ್ಗ ಹೊಟ್ಟೆಯದು. ಅಲ್ಲಿಗೆ ಬಂದರೆ ನಿಂತುಬಿಡುತ್ತಿದ್ದಳು. ಹಿಡಿ ಎಳೆಯುತ್ತಿದ್ದಳು, ಮಗ್ಗ ಓಡುತ್ತಿತ್ತು, ಆದರೆ ಅದನ್ನು ಬಿಟ್ಟು ಐದನೆಯದಕ್ಕೆ ಹೋಗಲು ಕಾಲು ಬರುತ್ತಿರಲಿಲ್ಲ. ಹಾಗೇ ಎಚ್ಚರಾಗಿಬಿಡುತ್ತಿತ್ತು. ಎಷ್ಟು ಸಲ ಮಾಡಿದರೂ ಅಷ್ಟೇ, ಗಾಡಿ ಅಲ್ಲಿಗೇ ಬಂದು ಹೂತುಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ಹಾಗೆ ಎದ್ದು ಕೂತವಳು ಅತ್ತೆಗೆ ಹೇಳಿದಳು: "ಅತ್ತೆ, ಪಾಳಿ ಯಾರೂ ತಗೊಂಡಿಲ್ಲ. ಅದಕ್ಕೇ ನಿದ್ದೆ ಬರ್ತಿಲ್ಲ."

ಬೇರೆ ಯಾರಿಗೆ ಹೇಳಿದ್ದರೂ ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಅತ್ತೆಗೆ ತಟ್ಟನೆ ಅರ್ಥವಾಯಿತು. ಅವರ ಮಿಲ್ಲಿನಲ್ಲಿ ಪಾಳಿ ಬದಲಾಗುವಾಗ ಮಗ್ಗ ನಿಲ್ಲಿಸುವುದಿಲ್ಲ. ಹೋಗುವವಳು, ಬರುವವಳು ಇಬ್ಬರೂ ಸಾಲಿನುದ್ದಕ್ಕೆ ನಡೆಯುತ್ತಾರೆ. ಬರುವವಳು ಒಂದೊಂದು ಮಗ್ಗದ ಮೇಲೂ ಅಂಗೈ ಊರಿ "ನಂದು" ಎನ್ನಬೇಕು. ಅಂದ ಮೇಲೆ ಅದರಲ್ಲಿ ಏನು ಹರಿದರೂ ಹೋದವಳನ್ನು ಯಾರೂ ಕೇಳುವಂತಿಲ್ಲ. ಅನ್ನದಿದ್ದರೆ, ಸೈರನ್ ಕೂಗಿ ಎಷ್ಟು ಹೊತ್ತಾಗಿದ್ದರೂ, ಆಕಾಶವೇ ಕಳಚಿ ಬಿದ್ದರೂ ಹೋಗುವವಳು ಕದಲುವಂತಿಲ್ಲ. ಸೊಸೆಗೆ ಇದನ್ನು ಕಲಿಸಿದವಳೇ ಅತ್ತೆ.

ಅತ್ತೆ ಮುಸುರೆ ಕೈ ಒರೆಸಿಕೊಂಡು ಬಂದಳು. ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಕೂತಳು. ಸೊಸೆಯ ಹೊಟ್ಟೆಯ ಮೇಲೆ ಅಂಗೈ ಊರಿ, ಶೆಡ್ಡಿನಲ್ಲಿ ಹೇಳುವಷ್ಟೇ ಗಟ್ಟಿಯಾಗಿ, "ನಂದು" ಎಂದಳು. "ಮಲಗು ಕಣೇ. ನಾನು ನೋಡ್ಕೋತೀನಿ."

ಕಿವಿಯಕ್ಕನ ಕಣ್ಣಲ್ಲಿ ನೀರು ಬಂತು. ಕಣ್ಣು ಮುಚ್ಚಿದಳು. ಮೊದಲನೆಯದು, ಎರಡನೆಯದು, ಮೂರನೆಯದು ಶುರುವಾದವು. ನಾಲ್ಕನೆಯದನ್ನು ಬಿಟ್ಟು ಐದನೆಯದರ ಕಡೆಗೆ ಒಂದು ಹೆಜ್ಜೆ ಇಟ್ಟೇಬಿಟ್ಟಳು. ಆಗ ಯಾವುದೋ ಮಗ್ಗ ಕೆಟ್ಟು ಕರಕರ ಎನ್ನುವ ಸದ್ದು. ಕಣ್ಣು ಬಿಟ್ಟು ನೋಡಿದರೆ, ಅತ್ತೆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಗೊರಕೆ ಹೊಡೆಯುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು. ಅವಳು ಎದ್ದು ಅತ್ತೆಯ ಕತ್ತಿನ ಕೆಳಗೆ ದಿಂಬು ಕೊಟ್ಟು, ಮೊದಲು ನಕ್ಕಳು, ಆಮೇಲೆ ಅತ್ತಳು.

ಮರುದಿನ ಎರಡನೆಯ ಕ್ಲಾಸು. ಕಿವಿಯಕ್ಕ ಪಾಳಿಯ ಕತೆಯನ್ನೆಲ್ಲ ಸಿಸ್ಟರ್‌ಗೆ ಹೇಳಿದಳು, ಹಳೆಯ ನೋವೊಂದನ್ನು ಬಿಟ್ಟು. ಸಿಸ್ಟರ್ ಗಲ್ಲಕ್ಕೆ ಕೈಯಿಟ್ಟು ಕೇಳಿದರು.

"ನೀವು ಓಡಾಡ್ತಿರುವಾಗ ಮಗು ಒದೆಯುತ್ತಾ?"

"ಇಲ್ಲ. ಮಲಗಿದಾಗಲೇ ಅದರ ಕುಣಿತ."

"ಅಲ್ವಾ. ಹಗಲು ನೀವು ಓಡಾಡೋದೇ ಅದಕ್ಕೆ ತೊಟ್ಟಿಲು ತೂಗಿದ ಹಾಗೆ, ಮಲಗಿರುತ್ತೆ. ನೀವು ಒರಗಿದ್ರೆ ಅದು ಏಳುತ್ತೆ. ಹಗಲು ಪಾಳಿ ನಿಮ್ದು, ರಾತ್ರಿ ಪಾಳಿ ಅದರದ್ದು. ಕೆಲಸಕ್ಕೆ ಬಂದೋರು ಎದುರಿಗೇ ನಿಂತಿದಾರೆ, ನೀವು ನೋಡಿದ್ರೆ ಸಾಲು ಬಿಟ್ಟುಕೊಡ್ತಿಲ್ಲ. ಮತ್ತೆ ಒಂದು ಮಾತು ನೆನಪಿರಲಿ. ಎಚ್ಚರ ಆದಾಗ ಆಟ ಕಮ್ಮಿ ಅನ್ನಿಸಿದ್ರೆ ಯೋಚನೆ ಮಾಡ್ತಾ ಕೂರಬೇಡಿ, ನೇರ ಇಲ್ಲಿಗೆ ಬನ್ನಿ. ಅದು ನಿಮ್ಮ ಕೆಲಸ. ನಿದ್ದೆಗೆಟ್ಟು ಕಾಯೋದಲ್ಲ."

ಅಂದು ಸಂಜೆ ಉಂಡು ಮುಗಿಸಿ ಅವಳು ಮಲಗಿದಳು. ಬೀದಿಯಲ್ಲಿ ಇನ್ನೂ ಮಕ್ಕಳು ಆಡುತ್ತಿದ್ದರು. ಪಾದ, ತೊಡೆ, ಬೆನ್ನು. ನಾಲ್ಕನೆಯದರ ಮುಂದೆ ನಿಂತಳು. ಹೇಳಲು ನಾಚಿಕೆಯಾಯಿತು, ಆದರೂ ಹೇಳಿದಳು: "ಪುಟ್ಟಾ, ನಂದು ಮುಗೀತು. ತಗೋ." ಪಕ್ಕೆಲುಬಿನ ಕೆಳಗೆ ಧಪ್ಪೆಂದು ಒಂದು ಒದೆ ಬಿತ್ತು. ಅವಳು ಐದನೆಯ ಮಗ್ಗದ ಕಡೆ ನಡೆದಳು, ಭುಜ ಸಡಿಲವಾಯಿತು. ಆರನೆಯದನ್ನು ಶುರು ಮಾಡಿದಳೋ ಇಲ್ಲವೋ, ಅವಳಿಗೇ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಮೈ ಹತ್ತಿಯ ಹಾಗಿತ್ತು, ತಲೆ ತಿಳಿಯಾಗಿತ್ತು. ಎಷ್ಟೋ ತಿಂಗಳಿಂದ ಕಾಣದ ಸುಖ. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಹೊಟ್ಟೆ ಸುಮ್ಮನಿತ್ತು.

ಅವಳು ಮಗ್ಗುಲು ಬದಲಿಸಿದಳು. ತಣ್ಣೀರು ಕುಡಿದಳು. ಎಡಮಗ್ಗುಲಾಗಿ ಮಲಗಿ ಅಂಗೈ ಒತ್ತಿ ಕಾದಳು. ಏನೂ ಇಲ್ಲ. ಕಿರುಚಬೇಕೆನಿಸಿತು, ಗಂಟಲಲ್ಲೇ ನುಂಗಿದಳು. ಕಿರುಚುವ ಹೊತ್ತಲ್ಲ ಇದು. ಎದ್ದು ಚಪ್ಪಲಿ ಮೆಟ್ಟಿದಳು, ಗಂಡನ ಭುಜ ಹಿಡಿದು ಅಲುಗಿಸಿದಳು. "ರೀ, ಏಳಿ. ಮಗು ಆಡ್ತಿಲ್ಲ. ಟ್ಯಾಕ್ಸಿ ಕರೀರಿ."

ಟ್ಯಾಕ್ಸಿಯಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತರು. ಮಾತಿಗೆ ಮುಂಚೆ ಬಾಯಿ ತೆಗೆಯುವ ಅತ್ತೆಯೂ ಕಿಟಕಿಯ ಕಡೆ ಮುಖ ಮಾಡಿದ್ದಳು. ಒಪ್ಪಿಸಿಕೊಟ್ಟ ಮೇಲೆ ಹರಿದದ್ದು ನಿನ್ನದಲ್ಲ ಎಂಬ ಮಿಲ್ಲಿನ ನ್ಯಾಯ ಕಿವಿಯಕ್ಕನಿಗೆ ನೆನಪಾಯಿತು. ಮಗ್ಗದ ನ್ಯಾಯ ಮಗುವಿಗೆ ಬರುವುದಿಲ್ಲ. ಅವಳು ಮುಷ್ಟಿ ಬಿಗಿದುಕೊಂಡು ಕೂತಳು. ಮತ್ತೆ ಮಲಗಿದೆ, ಮತ್ತೆ ಮಲಗಿದೆ ಎಂದು ತಲೆ ಅದೊಂದನ್ನೇ ಹೇಳುತ್ತಿತ್ತು.

ಡಾಕ್ಟರಮ್ಮ ಅವಳನ್ನು ಮಂಚದ ಮೇಲೆ ಮಲಗಿಸಿ, ಹೊಟ್ಟೆಗೆ ಪಟ್ಟಿ ಸುತ್ತಿ, ಎದೆಬಡಿತ ಕೇಳಿಸುವ ಯಂತ್ರ ಹಚ್ಚಿದರು. ಮೊದಲು ಬರೀ ಗೊರಗೊರ. ಪಟ್ಟಿಯನ್ನು ಕೊಂಚ ಸರಿಸಿದರು. ಮತ್ತೆ ಸರಿಸಿದರು. ಗಂಡ ಗೋಡೆ ಹಿಡಿದು ನಿಂತಿದ್ದ. ಆಮೇಲೆ ಒಮ್ಮೆಲೇ ಕೋಣೆ ತುಂಬ ಟಕಟಕಟಕಟಕ ಎಂದು ಓಟ ಶುರುವಾಯಿತು, ಗಟ್ಟಿಯಾಗಿ, ಒಂದೇ ಸಮನೆ, ಎಲ್ಲೂ ತಪ್ಪದೆ. ಅತ್ತೆಗೂ ಕೇಳಿಸಿತು ಎಂದರೆ ಲೆಕ್ಕ ಹಾಕಿ.

"ಚೆನ್ನಾಗಿದೆ," ಎಂದರು ಡಾಕ್ಟರಮ್ಮ. "ನಿದ್ದೆ ಮಾಡ್ತಿದೆ ಅಷ್ಟೇ. ಅವೂ ಮಲಗ್ತಾವಲ್ವಾ. ನೀವು ತಕ್ಷಣ ಬಂದಿದ್ದು ಒಳ್ಳೇದಾಯ್ತು. ಮುಂದೆಯೂ ಹೀಗೇ ಬರಬೇಕು. ಈಗ ಸ್ವಲ್ಪ ಹೊತ್ತು ಈ ಪಟ್ಟಿ ಇರಲಿ, ನೋಡೋಣ."

ಗಂಡ ಕುರ್ಚಿಯಲ್ಲಿ ಕುಸಿದು ಕೂತ. ಅತ್ತೆ ಸೆರಗಿಂದ ಕಣ್ಣೊರೆಸಿಕೊಂಡಳು. ಕಿವಿಯಕ್ಕ ಮಾತ್ರ ಹಾಗೇ ಮಲಗಿ ಚಾವಣಿ ನೋಡುತ್ತಿದ್ದಳು. ಈ ಸಲ ಬದುಕಿತು, ಸರಿ. ಇವತ್ತು ರಾತ್ರಿ? ನಾಳೆ? ಕೇಳದಿದ್ದರೆ ಇದು ತನ್ನನ್ನು ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಕೇಳಿದರೆ ಬರುವ ಉತ್ತರದ ಹೆದರಿಕೆಯಿಂದಲೇ ಎರಡು ವರ್ಷ ಕೇಳಿರಲಿಲ್ಲ.

"ಡಾಕ್ಟ್ರೇ, ಒಂದು ಕೇಳ್ತೀನಿ. ಇದ್ದದ್ದು ಇದ್ದ ಹಾಗೆ ಹೇಳಬೇಕು. ಮೊದಲನೇದು ಹೋಗಿದ್ದು ನಾನು ಮಲಗಿಬಿಟ್ಟೆ ಅಂತಾನಾ?"

ಅತ್ತೆಯ ಸೆರಗು ಅರ್ಧಕ್ಕೇ ನಿಂತಿತು. ಡಾಕ್ಟರಮ್ಮ ತಿರುಗಿ ನೋಡಿದರು.

"ಯಾರು ಹೇಳಿದ್ದು ನಿಮಗೆ ಹಾಗಂತ?"

"ಯಾರೂ ಹೇಳಿಲ್ಲ."

"ಹೊಕ್ಕುಳಬಳ್ಳಿಯಲ್ಲಿ ಗಂಟು ಬಿದ್ದಿತ್ತಮ್ಮಾ. ಬಿಗಿದುಕೊಂಡಿತ್ತು. ಸಾವಿರಕ್ಕೆಲ್ಲೋ ಒಂದು ಹಾಗಾಗುತ್ತೆ, ಯಾಕೆ ಅಂತ ಹೇಳೋಕಾಗಲ್ಲ. ಅವತ್ತು ನೀವು ರಾತ್ರಿಯೆಲ್ಲಾ ಕಣ್ಣು ಬಿಟ್ಕೊಂಡು ಕೂತಿದ್ರೂ ಅಷ್ಟೇ, ನಾನೇ ಪಕ್ಕದಲ್ಲಿ ಕೂತಿದ್ರೂ ಅಷ್ಟೇ ಆಗ್ತಿತ್ತು. ಮಲಗಿದ್ದಕ್ಕೂ ಅದಕ್ಕೂ ಏನೇನೂ ಸಂಬಂಧ ಇಲ್ಲ." ಅವರು ಪಟ್ಟಿ ಸರಿಮಾಡುತ್ತಾ ಹೇಳಿದರು. "ಇದನ್ನ ಅವತ್ತೇ ನಿಮ್ಮ ಯಜಮಾನರಿಗೆ ಹೇಳಿದ್ನಲ್ಲ."

ಕಿವಿಯಕ್ಕ ಗಂಡನ ಕಡೆ ನೋಡಿದಳು. ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

"ನೆನಪು ಮಾಡಿದ್ರೆ ನೊಂದ್ಕೋತೀಯ ಅಂತ ಹೇಳಲಿಲ್ಲ," ಎಂದ. "ಆ ಮಾತೇ ಬೇಡ ಅಂತ."

"ನಾನೇ ಕೊಂದೆ ಅಂದ್ಕೊಂಡಿದ್ದೆ ರೀ," ಎಂದಳು. ದನಿ ಏರಲಿಲ್ಲ. "ಎರಡು ವರ್ಷ. ನಿಮ್ಮ ಪಕ್ಕದಲ್ಲೇ ಮಲಗಿ, ದಿನಾ ಅದನ್ನೇ ಅಂದ್ಕೊಂಡೆ. ಒಂದು ಮಾತು ಹೇಳಿದ್ರೆ ಆಗ್ತಿತ್ತು."

ಅವನು ಮುಖ ಮುಚ್ಚಿಕೊಂಡು ಅತ್ತ. "ನನ್ನ ಹತ್ರಾನೂ ಬಾಯಿ ಬಿಡಲಿಲ್ಲವಲ್ಲೋ, ಮುಠ್ಠಾಳ," ಎಂದು ಅತ್ತೆ ಮಗನ ಬೆನ್ನಿಗೆ ಒಂದು ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲಿಂದ ತೆಗೆಯಲೂ ಇಲ್ಲ, ಹಾಗೇ ಸವರುತ್ತ ನಿಂತಳು.

ಕಿವಿಯಕ್ಕನೂ ಅತ್ತಳು, ಮನಸ್ಸಿಗೆ ತೃಪ್ತಿಯಾಗುವಷ್ಟು. ಗಂಡನ ಮೇಲೆ ಸಿಟ್ಟು ಬಂತು, ಸತ್ತ ಮಗುವಿಗಾಗಿ ಹೊಟ್ಟೆ ಉರಿಯಿತು, ದಿನವಿಡೀ ಎಳೆಗೆ ಗಂಟು ಹಾಕುವ ತನ್ನ ಬೆರಳಿಗೆ ಸಿಗದೆ ಹೋದ ಆ ಒಂದು ಗಂಟನ್ನು ನೆನೆದು ಬಿಕ್ಕಿದಳು. ಅಳು ತಾನಾಗಿ ನಿಂತ ಮೇಲೆ ಮೂಗು ಒರೆಸಿಕೊಂಡಳು.

"ಡಾಕ್ಟ್ರೇ, ಬಿಪಿ ನೋಡೋದಿತ್ತಲ್ಲ ಈ ವಾರ?"

"ಈಗ ಬೇಡಮ್ಮಾ. ಇಷ್ಟೆಲ್ಲಾ ಆದ್ಮೇಲೆ ಈಗ ನೋಡಿದ್ರೆ ಚಾವಣಿಗೆ ಹೋಗಿರುತ್ತೆ."

"ಸ್ವಲ್ಪ ಹೊತ್ತು ಕೊಡಿ ನನಗೆ. ಇಳಿಸ್ತೀನಿ," ಎಂದಳು ಕಿವಿಯಕ್ಕ, ಪಾತ್ರೆ ಇಳಿಸುತ್ತೇನೆ ಎನ್ನುವ ಹಾಗೆ. ಡಾಕ್ಟರಮ್ಮ ಹುಬ್ಬೇರಿಸಿದರು, ಆದರೆ ಬೇಡ ಎನ್ನಲಿಲ್ಲ.

ಅವಳು ಎಡಮಗ್ಗುಲಾದಳು. ಯಂತ್ರ ಟಕಟಕ ಎನ್ನುತ್ತಲೇ ಇತ್ತು. ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಕಾಲ್ಬೆರಳು ಬಿಗಿ ಹಿಡಿದು ಬಿಟ್ಟಳು. ಉಸಿರನ್ನು ಉದ್ದಕ್ಕೆ ಬಿಟ್ಟಳು. ಪಾದ, ತೊಡೆ, ಬೆನ್ನು. ಹೊಟ್ಟೆಯ ಹತ್ತಿರ ಬಂದಾಗ ಎದೆ ಒಮ್ಮೆ ಹಿಂಜರಿಯಿತು. ನನ್ನಿಂದ ಆದದ್ದಲ್ಲ ಎಂದು ಅವಳು ಮೈಗೆ ಹೇಳಿದಳು. ಮೈ ತಕ್ಷಣ ನಂಬಲಿಲ್ಲ. ಮತ್ತೆ ಹೇಳಿದಳು, ಗದರಿಸದೆ. ಇನ್ನೊಂದು ಸಲ ಹೇಳಿದಳು. ಬಿಗಿದಿದ್ದ ಮುಷ್ಟಿ ಹಾಸಿಗೆಯ ಮೇಲೆ ಬಿಚ್ಚಿಕೊಂಡಿತು. ಬಾಯಿ ಸ್ವಲ್ಪ ತೆರೆಯಿತು.

ಡಾಕ್ಟರಮ್ಮ ಸದ್ದಿಲ್ಲದೆ ಬಂದು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಅವಳಿಗೆ ಎಚ್ಚರವಾಗಲಿಲ್ಲ. ಮುಳ್ಳು ನೋಡಿದರು, ನಂಬದೆ ಇನ್ನೊಮ್ಮೆ ನೋಡಿದರು. "ಇಳಿದಿದೆ," ಎಂದರು ಪಿಸುದನಿಯಲ್ಲಿ. "ಇಷ್ಟಿದ್ರೆ ಮನೆಗೆ ಹೋಗಬಹುದು."

ಗಂಡ ಆ ಸುದ್ದಿ ಹೇಳಲು ಮಂಚದ ಕಡೆ ಬಾಗಿದ. ಅತ್ತೆ ಅವನ ಕಾಲರ್ ಹಿಡಿದು ಹಿಂದಕ್ಕೆಳೆದಳು. ಹೇಳಬೇಕಾದಾಗ ಹೇಳಲಿಲ್ಲ, ಈಗ ಹೇಳೋಕೆ ಬಂದ, ಎಂದು ಅವಳ ಮಟ್ಟಿಗೆ ಪ್ರಯಾಸಪಟ್ಟು ಮೆಲ್ಲಗೆ ಹೇಳಿದಳು.

ಆಗಲೇ ಒಳಗಿನದಕ್ಕೆ ಎಚ್ಚರವಾಯಿತು. ಸುತ್ತಿದ ಪಟ್ಟಿ ಎದ್ದು ಕುಣಿಯುವಷ್ಟು ಜೋರಾಗಿ ಒಂದು ಒದೆ ಕೊಟ್ಟಿತು, ಆಮೇಲೆ ಇನ್ನೊಂದು. ಅತ್ತೆ ನೋಡಿದಳು, ಗಂಡ ನೋಡಿದ, ಡಾಕ್ಟರಮ್ಮನೂ ನೋಡಿದರು. ಕಿವಿಯಕ್ಕನಿಗೆ ಗೊತ್ತಾಗಲಿಲ್ಲ, ಅವಳು ಮಲಗಿದ್ದಳು.